ಹುಳದ ಮನೆಯಲ್ಲಿ ಒಣಗಿದ ಟ್ಯಾಂಕು

ನಮ್ಮ ಮನೆಯಲ್ಲಿ ಇದ್ದದ್ದರಲ್ಲೇ ಒಳ್ಳೆಯ ಕೋಣೆ ಹುಳಗಳದ್ದು. ಮನುಷ್ಯರಾದ ನಾವು ನಾಲ್ಕು ಜನ, ಅಪ್ಪ, ಅಮ್ಮ, ಅಕ್ಕ ರತ್ನ ಮತ್ತು ನಾನು, ಅಡುಗೆಮನೆಗೂ ಕೊಟ್ಟಿಗೆಗೂ ನಡುವಿನ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ರೇಷ್ಮೆ ಹುಳಗಳಿಗೆ ಮಾತ್ರ ದಪ್ಪ ಮಣ್ಣುಗೋಡೆಯ, ಎತ್ತರದ ಸೂರಿನ, ಸಗಣಿ ಸಾರಿಸಿದ ನೆಲದ ದೊಡ್ಡ ಕೋಣೆ. ಚಳಿಗೆ ಅವಕ್ಕೆ ಇದ್ದಿಲ ಅಗ್ಗಿಷ್ಟಿಕೆ, ಸೆಕೆಗೆ ಒದ್ದೆ ಗೋಣಿಯ ಪರದೆ. ನಮಗೆ ಚಳಿಯಾದರೆ ಅಪ್ಪನ ಹಳೆಯ ಕಂಬಳಿ ಇತ್ತು, ಅದರಲ್ಲೂ ಅಕ್ಕ ಎಳೆದುಕೊಂಡು ಉಳಿದದ್ದು ನನಗೆ. ಹುಳದ ಮನೆಗೆ ಕಾಲು ತೊಳೆಯದೆ ಯಾರೂ ಹೋಗುವಂತಿಲ್ಲ. ಬೀಡಿ ಸೇದಿದವರು, ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕಿಕೊಂಡವರು ಹೊಸ್ತಿಲ ಆಚೆಯೇ ನಿಲ್ಲಬೇಕು, ಅದು ಅಪ್ಪನ ಅಣ್ಣತಮ್ಮಂದಿರೇ ಆಗಲಿ. ಪೊರೆ ಬಿಡುವ ಮುಂಚೆ ಹುಳಗಳು ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು ಅಲುಗಾಡದೆ ಕೂರುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಜ್ವರದ ದಿನಗಳಲ್ಲಿ ಅಮ್ಮ ಸಾರಿಗೆ ಒಗ್ಗರಣೆಯನ್ನೂ ಹಾಕುತ್ತಿರಲಿಲ್ಲ. ಸಾಸಿವೆ ಸಿಡಿದ ಘಾಟು ಹುಳಗಳಿಗೆ ಆಗದು ಎಂಬುದು ಅವಳ ನಂಬಿಕೆ.

"ಹುಳ ಜ್ವರಕ್ಕೆ ಕೂತಿದಾವೆ. ಒಗ್ಗರಣೆ ಗಿಗ್ಗರಣೆ ಏನೂ ಇಲ್ಲ, ಸುಮ್ನೆ ಕಲ್ಸ್ಕೊಂಡು ತಿನ್ನಿ."

ಹೀಗೆ ಸಪ್ಪೆ ಸಾರು ಉಂಡು ಬೆಳೆದವಳು ನಾನು. ಮನೆಗೆ ಬಂದ ನೆಂಟರು, ನಿಮ್ಮ ಮನೆಯಲ್ಲಿ ಹುಳಗಳೇ ಯಜಮಾನರು ಎಂದು ನಗುತ್ತಿದ್ದರು. ನಮಗೆ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಶಿಡ್ಲಘಟ್ಟದ ಅಂಚಿನಲ್ಲಿದ್ದ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಅವೇ ಯಜಮಾನರು. ಇಷ್ಟನ್ನು ಏಕೆ ಹೇಳುತ್ತಿದ್ದೇನೆಂದರೆ, ಆ ಕೋಣೆಯೊಳಗೆ ಒಂದು ದಿನ ಅಪ್ಪನೇ ತನ್ನ ಕೈಯಾರೆ ಬಣ್ಣದ ಡಬ್ಬಿ ತೆಗೆದುಕೊಂಡು ಹೋದ. ಅದು ನಮ್ಮ ಮನೆಯಲ್ಲಿ ಎಂಥ ಮಾತು ಎಂಬುದು ಓದುವವರಿಗೆ ತಿಳಿದಿರಲಿ.

ಅಪ್ಪನಿಗೆ ಊರು ಇಟ್ಟ ಹೆಸರು ಗೂಡಿನ ಮುನಿಶಾಮಣ್ಣ. ಊರಿನ ಸಂತೆಗೆ ಹುಳ ಸಾಕುವವರು ರೇಷ್ಮೆ ಗೂಡನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಮಾರಲು ಬರುತ್ತಿದ್ದರು. ನೂಲು ತೆಗೆಯುವ ಸಾಬರು ಕೊಳ್ಳಲು ಬರುತ್ತಿದ್ದರು. ಇಬ್ಬರ ನಡುವೆ ತಕರಾರು ಬಂದರೆ ಅಪ್ಪನನ್ನು ಕರೆಯುತ್ತಿದ್ದರು. ಅಪ್ಪ ಬುಟ್ಟಿಯ ಮೇಲಿನ ಗೂಡನ್ನು ಕಣ್ಣೆತ್ತಿ ಕೂಡ ನೋಡುತ್ತಿರಲಿಲ್ಲ. ಅಂಗಿಯ ತೋಳು ಮಡಿಸಿ, ಮೊಣಕೈವರೆಗೂ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು ಎಲ್ಲರೆದುರು ಅಂಗೈ ಬಿಚ್ಚುತ್ತಿದ್ದ. "ತಳದ್ದು ತೋರ್ಸಪ್ಪ" ಎಂಬುದು ಅವನ ಮಾತು. ಆ ಮಾತನ್ನು ಬೀದಿಯ ಮಕ್ಕಳು ಆಟದಲ್ಲೂ ಆಡುತ್ತಿದ್ದೆವು. ಒಮ್ಮೆ ಮೇಲೂರಿನ ಪಿಳ್ಳಪ್ಪ ಎಂಬ ರೈತ ಮೇಲೆ ಗಟ್ಟಿ ಗೂಡು ಹಾಕಿ ಕೆಳಗೆ ಜಳ್ಳು ತುಂಬಿದ್ದ. ಅಪ್ಪ ಕೈ ಹಾಕಿ ನೋಡಿದವನೇ ಮಾತಾಡದೆ ಬುಟ್ಟಿಯನ್ನು ನೆಲಕ್ಕೆ ಮಗುಚಿಬಿಟ್ಟ. ಜನ ಹೋ ಎಂದು ನಕ್ಕರು. ಅಪ್ಪನ ಪಕ್ಕದಲ್ಲಿ ನಿಂತಿದ್ದ ನಾನೂ ನಕ್ಕೆ. ಪಿಳ್ಳಪ್ಪ ಮಂಡಿಯೂರಿ, ಹೆಗಲ ಮೇಲಿನ ಟವೆಲ್ಲು ಹಾಸಿ, ಒಂದೊಂದೇ ಗೂಡನ್ನು ಆರಿಸಿ ಹಾಕಿಕೊಂಡ. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅಪ್ಪನ ಬೆರಳು ಹಿಡಿದು ಜಂಬದಿಂದ ನಡೆದೆ. ನಮ್ಮಪ್ಪ ಸತ್ಯವಂತ, ಅಷ್ಟೇ ನನಗೆ ಗೊತ್ತಿದ್ದದ್ದು.

ಅಕ್ಕನಿಗೆ ಗೌರಿಬಿದನೂರಿನ ಗಂಡು ಗೊತ್ತಾಯಿತು. ಕೃಷ್ಣಪ್ಪ ಎಂದು ಹೆಸರು. ಹಳ್ಳಿ ಹಳ್ಳಿ ತಿರುಗಿ ಹಿಪ್ಪುನೇರಳೆ ನೆಡುವುದು, ಹುಳ ಸಾಕುವುದು ಹೇಗೆಂದು ಹೇಳಿಕೊಡುವ ಸರ್ಕಾರಿ ಕೆಲಸ. ನಮ್ಮ ಜನರಲ್ಲಿ ಹಿಂದೆ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಡಬೇಕಿತ್ತು. ಅಮ್ಮನನ್ನು ಹಾಗೆಯೇ ತಂದದ್ದು. ಅಕ್ಕನ ಕಾಲಕ್ಕೆ ಗಾಳಿ ತಿರುಗಿತ್ತು. ಓದಿ ನೌಕರಿ ಹಿಡಿದ ಗಂಡಾದರೆ ಹೆಣ್ಣಿನ ಕಡೆಯವರು ಏನಾದರೂ ಕೊಡಬೇಕು ಎಂಬ ಹೊಸ ಪದ್ಧತಿ ಮೆಲ್ಲಗೆ ಒಳಗೆ ಬಂದು ಕೂತಿತ್ತು. ಗಂಡಿನ ಸೋದರಮಾವ ನಗರಗೆರೆಯವರು. ಗಡಿಯ ಕಡೆಯವರಾದ್ದರಿಂದ ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದರು. ನಮ್ಮ ಜಗಲಿಯ ಮೇಲೆ ಕೂತು, ಕಾಫಿ ಲೋಟ ಕೆಳಗಿಟ್ಟು ಹೇಳಿದರು:

"ನಮ್ಮ ಹುಡುಗ ತೊಂಡೇಬಾವಿ, ನಗರಗೆರೆ ಅಂತ ದಿನಾ ಸೈಕಲ್ ತುಳಿದು ತುಳಿದು ಕಡ್ಡಿ ಆಗವ್ನೆ. ಒಂದು ಮೋಟಾರ್ ಸೈಕಲ್ ಕೊಡ್ಸಿಬಿಡಿ ಬಾವಾ. ಕೊತ್ತದೈತೇ ಚಾಲು."

ಹೊಸದಾದರೆ ಸಾಕು ಎಂದರ್ಥ. ಪಕ್ಕದಲ್ಲೇ ಕೂತಿದ್ದ ಗಂಡು ತಲೆ ಬಗ್ಗಿಸಿಕೊಂಡು ಕಾಲ ಬೆರಳು ನೋಡಿಕೊಳ್ಳುತ್ತಿದ್ದ. ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಕೊಡೋದಾದ್ರೆ ಹೊಸದೇ ಕೊಡೋದು. ಮುನಿಶಾಮಿ ಮನೇಲಿ ಹಳೇದು ಕೊಡೋ ಪದ್ಧತಿ ಇಲ್ಲ."

ಅವರು ಹೋದ ಮೇಲೆ ಅಮ್ಮ, "ಯಾರು ಕೇಳಿದ್ರು ನಿಮ್ಮನ್ನ ಅಷ್ಟು ಎದೆ ಉಬ್ಬಿಸೋಕೆ?" ಎಂದು ಗೊಣಗಿದಳು. ಅಪ್ಪ ಬೆಂಗಳೂರಿಗೆ ಹೋಗಿ ಬಂದ ಮೇಲೆ ಆ ಮಾತಿನ ಅರ್ಥ ಗೊತ್ತಾಯಿತು. ಹೊಸ ಮೋಟಾರ್ ಸೈಕಲ್ಲು ಅಂಗಡಿಯಲ್ಲಿ ಬೆಲ್ಲದಂತೆ ಕೊಂಡು ತರುವ ಸಾಮಾನಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಸರದಿ ಕಾಯಬೇಕು. ಮದುವೆಗೆ ಅಷ್ಟು ವ್ಯವಧಾನ ಇರಲಿಲ್ಲ. ಹಾಗಂತ ಹೋಗಿ ಹೇಳಿ, ಅದರಲ್ಲಿ ತಪ್ಪೇನು ಎಂದು ಅಮ್ಮ ಬೇಡಿಕೊಂಡಳು. ಅಪ್ಪ ಗಾದೆ ಹೇಳಿದ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಕಣೇ. ಹತ್ತು ಜನದ ಮುಂದೆ ಆಡ್ಬಿಟ್ಟಿದೀನಿ."

ಮಾತು ಉಳಿಸಿಕೊಳ್ಳಲು ಸುಳ್ಳು ಮಾಡಬೇಕು ಎಂದು ಆ ಗಾದೆ ಎಲ್ಲೂ ಹೇಳಿಲ್ಲ. ಆದರೆ ಅಪ್ಪ ಮತ್ತೆ ಬೆಂಗಳೂರಿಗೆ ಹೋದ. ಮಿಲಿಟರಿಯವರು ಹರಾಜಿನಲ್ಲಿ ತೆಗೆದುಹಾಕಿದ ಮೋಟಾರ್ ಸೈಕಲ್ಲುಗಳನ್ನು ರಿಪೇರಿ ಮಾಡಿ ಮಾರುವವನೊಬ್ಬ ಸಿಕ್ಕಿದ. ಮಡ್‌ಗಾರ್ಡು, ಕಂಬಿ ಎಲ್ಲಕ್ಕೂ ಕಪ್ಪು ಬಣ್ಣ ಹೊಡೆದು, ಹೊಸ ಸೀಟು ಹಾಕಿಕೊಟ್ಟ. ಟ್ಯಾಂಕು ಮಾತ್ರ ಸೋರುತ್ತಿದ್ದುದರಿಂದ ಬೆಸುಗೆಗೆ ಬಿಚ್ಚಿದ್ದ. ಬಣ್ಣ ಹೊಡೆಯುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಬಣ್ಣದ ಡಬ್ಬಿ ಕೊಟ್ಟು, ಹೇಗೆ ಹೊಡೆಯಬೇಕೆಂದು ಹೇಳಿ ಕಳುಹಿಸಿದ. ಶಿಡ್ಲಘಟ್ಟದಲ್ಲಿ ಬಣ್ಣ ಹೊಡೆಯುವವರು ಇರಲಿಲ್ಲವೆಂದಲ್ಲ. ಅವರ ಕೈಗೆ ಕೊಟ್ಟರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಆದ್ದರಿಂದ ಗೂಡಿನ ಮುನಿಶಾಮಣ್ಣನ ಅಳಿಯನ ಮೋಟಾರ್ ಸೈಕಲ್ಲು ಸೊಪ್ಪಿನ ಕಡ್ಡಿಯ ಕೆಳಗೆ ಮುಚ್ಚಿಕೊಂಡು ಎತ್ತಿನ ಗಾಡಿಯಲ್ಲಿ ಕಳ್ಳಮಾಲಿನಂತೆ ಮನೆಗೆ ಬಂತು. ಟ್ಯಾಂಕು ಗೋಣಿಚೀಲದೊಳಗಿತ್ತು. ಬಿಚ್ಚಿ ನೋಡಿದರೆ ಖಾಕಿ ಬಣ್ಣ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಸೈನ್ಯದ ನಂಬರು, ಒಂದು ಕಡೆ ತಲೆ ಬುರುಡೆಗೆ ಏಟು ಬಿದ್ದಂತೆ ತಗ್ಗು.

ಬಣ್ಣ ಒಣಗುವ ತನಕ ಧೂಳು ತಾಗಬಾರದು ಎಂದು ಬೆಂಗಳೂರಿನವನು ಹೇಳಿದ್ದ. ನಮ್ಮ ಮನೆಯಲ್ಲಿ ಧೂಳಿಲ್ಲದ, ಗಾಳಿಯಾಡದ, ಬೆಚ್ಚಗಿನ ಜಾಗ ಎಂದರೆ ಒಂದೇ. ಅಮ್ಮ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು.

"ಘಾಟು ಆಗಲ್ಲ ಅಂತ ಒಗ್ಗರಣೆ ಇಲ್ದಂಗೆ ಬದುಕಿದೀವಿ. ಈಗ ಈ ಮನೇಲಿ ಬಣ್ಣಾನಾ? ಮಣ್ಣುಗೋಡೆ ಕಣ್ರಿ ಇದು. ವಾಸನೆ ಕುಡ್ಕೊಂಡ್ರೆ ಬಿಡುತ್ತಾ?"

"ಈಗ ಹುಳ ಇಲ್ವಲ್ಲ. ಒಂದು ಬೆಳೆ ಬಿಡಣ."

ಒಂದು ಬೆಳೆ, ಅಂದರೆ ಒಂದು ಸಲದ ಹುಳ ಸಾಕಣೆ, ಬಿಡುವುದು ಎಂದರೆ ಹಬ್ಬ ಬಿಟ್ಟಂತಲ್ಲ, ಊಟ ಬಿಟ್ಟಂತೆ. ಅಪ್ಪ ಅದನ್ನು ಅಷ್ಟು ಹಗುರವಾಗಿ ಹೇಳಿದ್ದು ಕೇಳಿ ಅಮ್ಮ ಪಕ್ಕಕ್ಕೆ ಸರಿದಳು.

ಕೆಲಸಕ್ಕೆ ಕೂತದ್ದು ಅಕ್ಕ ಮತ್ತು ನಾನು. ಮದುಮಗಳು ತನ್ನ ಗಂಡನಿಗೆ ಕೊಡುವ ಉಡುಗೊರೆಯ ಮುಖಕ್ಕೆ ತಾನೇ ಬಣ್ಣ ಬಳಿಯುವುದು! ಹೊರಬಾಗಿಲಿಗೆ ಅಗುಳಿ ಹಾಕಿ, ಟ್ಯಾಂಕನ್ನು ಗೋಣಿಯ ಮೇಲೆ ಮಲಗಿಸಿ, ಉಪ್ಪುಕಾಗದ ಹಿಡಿದು ಉಜ್ಜಿದೆವು. ನೀರು ಚಿಮುಕಿಸಿ ಉಜ್ಜಿದಾಗ ಖಾಕಿಯ ಕೆಸರು ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು. ಆ ಬಿಳಿ ನಂಬರು ಮಾತ್ರ ಸುಲಭಕ್ಕೆ ಹೋಗಲಿಲ್ಲ. ಅಕ್ಕ ಅದರ ಮೇಲೇ ಕೂತು, ಹಲ್ಲು ಕಚ್ಚಿ, ಅಕ್ಷರದ ಏರು ಬೆರಳಿಗೆ ತಾಗದಷ್ಟು ಉಜ್ಜಿದಳು. ಖಾಕಿಯನ್ನು ಪೂರಾ ತೆಗೆಯುವ ಅಗತ್ಯವಿಲ್ಲ, ನುಣ್ಣಗಾದರೆ ಸಾಕು ಎಂದು ಅಪ್ಪ ಹೇಳಿದ್ದ. ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಚಪಾತಿ ಹಿಟ್ಟಿನಂತೆ ಕಲಸಿ ತಗ್ಗಿಗೆ ಮೆತ್ತಿದೆವು. ಅದು ಗಟ್ಟಿಯಾಗಲು ಬಿಟ್ಟು ಮತ್ತೆ ಉಜ್ಜಿದೆವು. ಅಮ್ಮ ಈ ಕಡೆ ಸುಳಿಯಲೇ ಇಲ್ಲ. ಊಟದ ಹೊತ್ತಿಗೆ ತಟ್ಟೆಗಳನ್ನು ಬಾಗಿಲ ಬಳಿ ಇಟ್ಟು ಹೋಗುತ್ತಿದ್ದಳು, ಮೈಲಿಗೆಯವರಿಗೆ ಇಟ್ಟಂತೆ. ಆ ದಿನಗಳಲ್ಲಿ ಸಾರಿಗೆ ಭರ್ಜರಿ ಒಗ್ಗರಣೆ ಬೀಳುತ್ತಿತ್ತು. ಇಂಗು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಎಲ್ಲ. ಬೇಕೆಂದೇ ಹಾಕುತ್ತಿದ್ದಳು. ನಮ್ಮ ಮನೆಯಲ್ಲಿ ಜಗಳ ಆಗುತ್ತಿದ್ದದ್ದು ಹೀಗೆ.

ಬಣ್ಣ ಕಡುಗೆಂಪು. ಅಮ್ಮನ ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಅದನ್ನು ಸೋಸಿ, ಟರ್ಪೆಂಟೈನ್ ಬೆರೆಸಿ, ಸೂರಿನ ಜಂತೆಗೆ ಹಗ್ಗ ಕಟ್ಟಿ ಟ್ಯಾಂಕನ್ನು ತೂಗುಹಾಕಿ ಅಕ್ಕ ಹೊಡೆದಳು. ಅವಳ ಕೈ ನಿಧಾನದ ಕೈ. ಮೊಟ್ಟೆಯೊಡೆದು ಬಂದ, ಸಾಸಿವೆಯಷ್ಟು ಸಣ್ಣ ಮರಿಹುಳಗಳನ್ನು ಕೋಳಿಪುಕ್ಕದಿಂದ ತಟ್ಟೆಗೆ ಇಳಿಸುವ ಕೆಲಸ ಮನೆಯಲ್ಲಿ ಅವಳದ್ದೇ. ಒಂದು ಕೈ ಹೊಡೆದು ಒಣಗಿಸಿ, ಉಜ್ಜಿ, ಇನ್ನೊಂದು ಕೈ ಹೊಡೆದು, ಕೊನೆಯ ಕೈ ಮುಗಿಯುವಾಗ ಟ್ಯಾಂಕು ನಿಜಕ್ಕೂ ಹೊಳೆಯಿತು. ನನ್ನ ಮುಖ ಅದರಲ್ಲಿ ಅಗಲವಾಗಿ ಕಂಡಿತು. ಆ ಗಳಿಗೆಯಲ್ಲಿ ನನಗೆ ನಾಚಿಕೆ ಇರಲಿಲ್ಲ, ಸಂತೋಷವೇ ಇತ್ತು. ಅಷ್ಟರಲ್ಲಿ ಅಪ್ಪ ಒಳಗೆ ಬಂದ. ವಾಸನೆಗೆ ಅವನಿಗೇ ತಲೆ ಸುತ್ತಿತೋ, ಅಮ್ಮನ ಮಾತು ಚುಚ್ಚಿತೋ, ಗೋಡೆಯ ಮೇಲಿನ ಸಣ್ಣ ಕಿಟಕಿಯನ್ನು ತಟ್ಟನೆ ತೆಗೆದುಬಿಟ್ಟ. ಆ ಗೋಡೆಗೆ ಚಂದ್ರಿಕೆಗಳನ್ನು ಒರಗಿಸಿದ್ದೆವು. ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟೆಗಳು ಅವು. ಗೂಡು ಬಿಡಿಸಿದ ಮೇಲೂ ಅವುಗಳ ಸುರುಳಿಗಳಲ್ಲಿ ಜುಂಗು ಉಳಿದಿರುತ್ತದೆ. ಜುಂಗು ಎಂದರೆ ಗೂಡಿನ ಹೊರಮೈಯ ಎಳೆ ಎಳೆಯಾದ ಹತ್ತಿಯಂಥ ರೇಷ್ಮೆ. ಗಾಳಿ ಬೀಸಿತು, ಜುಂಗು ಎದ್ದಿತು, ತೇಲಿಕೊಂಡು ಬಂದು ಒಂದು ಎಳೆ ಟ್ಯಾಂಕಿನ ಮುಚ್ಚಳದ ಪಕ್ಕದಲ್ಲಿ ಬಾಗಿಕೊಂಡು ಕೂತಿತು. ಧೂಳಿಗೆ ಹೆದರಿ ಹುಳದ ಮನೆ ಸೇರಿದ ನಮಗೆ ಹುಳದ ಮನೆಯಲ್ಲಿ ಜುಂಗು ಇರುತ್ತದೆ ಎಂಬುದು ಹೊಳೆದಿರಲಿಲ್ಲ. ದಿನಾ ನೋಡುವುದು ಕಣ್ಣಿಗೆ ಎಲ್ಲಿ ಕಾಣುತ್ತದೆ? ಅಕ್ಕ ಕೋಳಿಪುಕ್ಕ ತಂದು ಮೆಲ್ಲಗೆ ಎತ್ತಲು ನೋಡಿದಳು. ಬಣ್ಣ ಆಗಲೇ ಕೆನೆಗಟ್ಟಿತ್ತು.

"ಬಿಡಮ್ಮ. ಮುಟ್ಟಿದ್ರೆ ಇನ್ನೂ ಕೆಡುತ್ತೆ. ಯಾರು ನೋಡ್ತಾರೆ?"

ಆ ಮಾತು ಆಡಿದವನು ನಮ್ಮಪ್ಪ. ಮೊಣಕೈವರೆಗೂ ಕೈ ಇಳಿಸಿ ಊರಿನ ಬುಟ್ಟಿಗಳ ತಳ ನೋಡುವವನು. ಅಕ್ಕ ಅವನ ಮುಖ ನೋಡಿದಳು. ಅವನು ಕಿಟಕಿಯ ಕಡೆ ನೋಡುತ್ತಿದ್ದ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ಬೇರೆಯವರ ಮನೆಯ ವಿಷಯಕ್ಕೆ ಬಳಸಿ ಅಭ್ಯಾಸವಿತ್ತು ನಮಗೆ. ಅವತ್ತು ಅದು ನಮ್ಮ ಮನೆಯ ಜಂತೆಯಲ್ಲೇ ಕೆಂಪಗೆ ನೇತಾಡುತ್ತಿತ್ತು.

ಮದುವೆಯ ದಿನ ಅಕ್ಕನ ಉಗುರಿನ ಬುಡದಲ್ಲಿ ಕೆಂಪು ಉಳಿದಿತ್ತು. ಅರಿಶಿನ ಹಚ್ಚಲು ಬಂದ ಹೆಂಗಸರು, "ಏನಮ್ಮ ರತ್ನ, ಗೋರಂಟಿ ಉಗುರೊಳಗೂ ಹಾಕ್ಕೊಂಡಿದೀಯ" ಎಂದು ನಕ್ಕರು. ಅಕ್ಕ ಬೆರಳು ಮಡಿಸಿಕೊಂಡಳು. ಧಾರೆ ಮುಗಿದ ಮೇಲೆ, ಸೇವಂತಿಗೆ ಹಾರ ಹಾಕಿಸಿಕೊಂಡು ಚಪ್ಪರದ ಕೆಳಗೆ ನಿಂತಿದ್ದ ಮೋಟಾರ್ ಸೈಕಲ್ಲಿನ ಹತ್ತಿರ ಗಂಡಿನವರು ಬಂದರು. ಸೋದರಮಾವ ಗೆಣ್ಣಿನಿಂದ ಟ್ಯಾಂಕನ್ನು ಟಕ್ ಎಂದು ತಟ್ಟಿ ತಲೆಯಾಡಿಸಿದರು. ಭಾವ ಕೃಷ್ಣಪ್ಪ ಅಂಗೈಯಿಂದ ಟ್ಯಾಂಕನ್ನು ಮುಂದಿನಿಂದ ಹಿಂದಕ್ಕೆ ಸವರಿದರು. ಮುಚ್ಚಳದ ಹತ್ತಿರ ಅವರ ಬೆರಳು ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದೆ. ಬೆರಳು ಮುಂದಕ್ಕೆ ಹೋಯಿತು.

"ಚೆನ್ನಾಗಿದೆ ಮಾವ. ಹೊಸದು ಹೊಸದೇ."

ಅಪ್ಪ ನಕ್ಕ. ಅಂಥ ನಗುವನ್ನು ನಾನು ಅವನ ಮುಖದಲ್ಲಿ ಮೊದಲು ನೋಡಿರಲಿಲ್ಲ. ಗಾಡಿಯ ಕಾಗದಪತ್ರ ಆಮೇಲೆ ಕೊಡುತ್ತೇನೆ ಎಂದ. ಅವು ಅಪ್ಪನ ಪೆಟ್ಟಿಗೆಯಲ್ಲೇ ಉಳಿದವು, ಭಾವ ಒಂದು ದಿನವೂ ಕೇಳಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಒಂದು ವಿಚಿತ್ರ ನಡೆಯತೊಡಗಿತು. ಬೀದಿಯ ತಿರುವಿನಲ್ಲಿ ಡುಗುಡುಗು ಸದ್ದು ಕೇಳಿದರೆ ಅಪ್ಪ ಕುಡುಗೋಲು ಹಿಡಿದು ಹಿತ್ತಿಲ ಬಾಗಿಲಿಂದ ಸೊಪ್ಪಿನ ತೋಟಕ್ಕೆ ಹೋಗಿಬಿಡುತ್ತಿದ್ದ. ಮಗಳು ಅಳಿಯ ಬಂದರೆ ಎದುರುಗೊಳ್ಳಬೇಕಾದ ಮನುಷ್ಯ! ಅಮ್ಮ ಸುಳ್ಳು ಪೋಣಿಸುತ್ತಿದ್ದಳು. ಭಾವ ಕೈಕಾಲು ತೊಳೆದು ತಾವೇ ತೋಟಕ್ಕೆ ಹೋಗಿ ಮಾತಾಡಿಸುತ್ತಿದ್ದರು. ಅಪ್ಪ ಸೊಪ್ಪು ಕೊಯ್ಯುತ್ತಲೇ, ತಲೆಯೆತ್ತದೆ, ಗಾಡಿ ಹೇಗಿದೆ ಎಂದು ಕೇಳುತ್ತಿದ್ದ. ಕೇಳದೆ ಇರಲು ಆಗುತ್ತಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಭಾವನ ಉತ್ತರ ಪ್ರತಿ ಸಲವೂ ಒಂದೇ: "ಹೊಸದು ಹೊಸದೇ ಮಾವ." ಆ ರಾತ್ರಿ ಅಪ್ಪ ಊಟಕ್ಕೆ ಏಳುತ್ತಿರಲಿಲ್ಲ. ಸಂತೆಯಲ್ಲೂ ಅವನು ಬೇರೆಯವನಾದ. ತಕರಾರಿಗೆ ಕರೆದರೆ ಹೋಗುತ್ತಿದ್ದ, ಬುಟ್ಟಿಯ ಮುಂದೆ ನಿಲ್ಲುತ್ತಿದ್ದ, ಕೈ ಮಾತ್ರ ಹಾಕುತ್ತಿರಲಿಲ್ಲ. "ನೀವು ನೀವೇ ನೋಡ್ಕೊಳ್ಳಪ್ಪ" ಎಂದು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಹೊರಟುಬಿಡುತ್ತಿದ್ದ. ಮಗಳನ್ನು ಕಳಿಸಿದ ದುಃಖ ಎಂದು ಜನ ಮಾತಾಡಿಕೊಂಡರು. ಕರೆಯುವುದು ಕ್ರಮೇಣ ಕಡಿಮೆಯಾಯಿತು. ಅವನ ಪಕ್ಕದಲ್ಲಿ ನಡೆಯುವಾಗ ನನಗೆ ಯಾರ ಮುಖವನ್ನೂ ನೋಡಲು ಆಗುತ್ತಿರಲಿಲ್ಲ. ಬಡತನಕ್ಕೆ ನಾಚಿದವರನ್ನು ಕಂಡಿದ್ದೇನೆ, ಜಾತಿಗೆ ನಾಚುವಂತೆ ಮಾಡಿಸಿಕೊಂಡವರನ್ನು ಕಂಡಿದ್ದೇನೆ. ನನಗೆ ನಾಚಿಕೆ ಕಲಿಸಿದ್ದು ಮಾತ್ರ ನುಣ್ಣಗೆ ಹೊಳೆಯುವ ಒಂದು ಕೆಂಪು ಟ್ಯಾಂಕು.

ಕೆಲವು ವರ್ಷ ಹೀಗೇ ಹೋದವು. ನಾನು ಲಂಗ ಬಿಟ್ಟು ದಾವಣಿ ಉಡುವಂತಾಗಿದ್ದೆ. ಬೇಸಿಗೆ ರಜೆಗೆ ಗೌರಿಬಿದನೂರಿಗೆ ಅಕ್ಕನ ಮನೆಗೆ ಹೋದೆ. ರೈಲು ಹಳಿಯ ಹತ್ತಿರದ ವಠಾರದಲ್ಲಿ ಎರಡು ಕೋಣೆಯ ಮನೆ, ಹಿಂದೆ ಪುಟ್ಟ ಅಂಗಳ. ಒಂದು ಮಧ್ಯಾಹ್ನ ಮೋಟಾರ್ ಸೈಕಲ್ಲಿನ ಚಕ್ರ ಪಂಕ್ಚರ್ ಆಗಿ ಅಂಗಳದಲ್ಲಿ ನಿಂತಿತ್ತು. ಭಾವ ರೈಲಿನಲ್ಲಿ ತೊಂಡೇಬಾವಿಗೆ ಹೋಗುತ್ತೇನೆಂದು ಹೊರಟಿದ್ದರು. ಅಕ್ಕ ಒಳಗಿಂದ ಅಗುಳಿ ಹಾಕಿ, ತನ್ನ ಟ್ರಂಕಿನ ತಳದಿಂದ, ಮದುವೆಯ ರವಿಕೆ ಕಣದಲ್ಲಿ ಸುತ್ತಿದ್ದ ಒಂದು ಡಬ್ಬಿ ತೆಗೆದಳು. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಮುಚ್ಚಳದ ಸುತ್ತ ಒಣಗಿ ಕರಿದಾದ ಅದೇ ಕೆಂಪು. ತವರಿನಿಂದ ಹೆಣ್ಣುಮಕ್ಕಳು ಕುಂಕುಮದ ಭರಣಿ ತರುತ್ತಾರೆ, ನಮ್ಮಕ್ಕ ಉಳಿದ ಬಣ್ಣದ ಡಬ್ಬಿ ತಂದಿದ್ದಳು. ಟ್ಯಾಂಕಿಗೆ ಎಲ್ಲಾದರೂ ಗೀರು ಬಿದ್ದು ಒಳಗಿನ ಖಾಕಿ ಇಣುಕಿದರೆ, ಗಂಡನ ಕಣ್ಣಿಗೆ ಬೀಳುವ ಮುಂಚೆ ಕೋಳಿಪುಕ್ಕದ ತುದಿಯಲ್ಲಿ ಅದ್ದಿ ಮುಚ್ಚಿಬಿಡುವುದು. ಮದುವೆಯಾದಾಗಿನಿಂದ ಇದನ್ನೇ ಮಾಡಿಕೊಂಡು ಬಂದಿದ್ದಳು.

"ಅವರು ಬಯ್ತಾರೇನಕ್ಕ, ಗೊತ್ತಾದ್ರೆ?"

"ಇವ್ರು ಒಳ್ಳೇವ್ರು ಕಣೇ ಪುಟ್ಟಿ. ಅದೇ ಕಷ್ಟ. ಕೆಟ್ಟೋರಾಗಿದ್ರೆ ಗೊತ್ತಾದ್ರೆ ಗೊತ್ತಾಗ್ಲಿ ಅಂತಿದ್ದೆ."

ಹಿತ್ತಿಲ ಗೋಡೆಯ ಸಣ್ಣ ಬಾಗಿಲು ಇದೆಯೆಂಬುದನ್ನು ಇಬ್ಬರೂ ಮರೆತಿದ್ದೆವು. ಭಾವ ಅದರಿಂದ ಒಳಗೆ ಬಂದರು. ರೈಲು ತಪ್ಪಿಹೋಗಿತ್ತು. ಅಕ್ಕ ಗಾಬರಿಯಲ್ಲಿ ಡಬ್ಬಿಯನ್ನು ಮಡಿಲಿಗೆ ಹಾಕಿಕೊಂಡು ಸೆರಗು ಮುಚ್ಚಿದಳು. ಮುಚ್ಚಳ ಬಿಗಿದಿರಲಿಲ್ಲ. ತಿಳಿ ಹಳದಿ ಸೀರೆಯ ಮೇಲೆ ಕೆಂಪು ಮೆಲ್ಲಗೆ ಅಗಲವಾಗುತ್ತಾ ಬಂತು. ಭಾವ ಚಪ್ಪಲಿ ಬಿಟ್ಟು, ಕೊಡೆಯನ್ನು ಗೋಡೆಗೆ ಒರಗಿಸಿ, ತೀರಾ ಸಹಜವಾಗಿ ಹೇಳಿದರು:

"ಮೊದ್ಲು ಎದ್ದು ಸೀರೆಗೆ ಸೀಮೆಎಣ್ಣೆ ಹಾಕು. ಒಣಗಿದ್ರೆ ಹೋಗಲ್ಲ ಅದು."

ಅಕ್ಕ ಏಳಲಿಲ್ಲ.

"ಯಾವಾಗ ಗೊತ್ತಾಯ್ತು ನಿಮ್ಗೆ?"

"ಚಪ್ಪರದ ಕೆಳಗೇ."

"ಹೆಂಗೆ?"

"ದಿನಾ ಹುಳ ಮುಟ್ಟೋನು, ಗೂಡು ಮುಟ್ಟೋನು ನಾನು. ಕಾರ್ಖಾನೆಯಿಂದ ಬಂದ ಟ್ಯಾಂಕಿಗೆ ಜುಂಗು ಎಲ್ಲಿಂದ ಬರುತ್ತೆ ರತ್ನ?"

ಅಕ್ಕ ಅಳುತ್ತಾಳೆ ಎಂದುಕೊಂಡೆ. ಅವಳಿಗೆ ಬಂದದ್ದು ಸಿಟ್ಟು. ಮಡಿಲಿನ ಡಬ್ಬಿಯನ್ನು ತೆಗೆದು ಅಂಗಳದ ಕಲ್ಲಿಗೆ ಎಸೆದಳು.

"ಅವತ್ತಿಂದ ನಾನು ದಿನಾ ಸಾಯ್ತಿದೀನಿ. ನೋಡ್ಕೊಂಡು ಸುಮ್ನಿದ್ರಾ? ನಾಟಕ ನೋಡ್ದಂಗೆ ನೋಡಿದ್ರಾ ನನ್ನ?"

"ಹೇಳಣ ಅಂತ ಬಾಯಿ ತೆಗೆದಾಗೆಲ್ಲ ನಮ್ಮ ಸೋದರಮಾವ ನಿಮ್ಮ ಜಗಲಿ ಮೇಲೆ ಕೂತು ಕೇಳಿದ್ದು ನೆನಪಾಗೋದು. ಪಕ್ಕದಲ್ಲೇ ಕೂತಿದ್ದೆ ನಾನು. ಬೇಡ ಅನ್ನೋಕೆ ನಾಲಿಗೆ ಏಳ್ಲಿಲ್ಲ. ಆಸೆ ಇತ್ತು ಕಣೇ ನಂಗೂ. ಕೇಳಿ ತಗೊಂಡೋನು ನಾನು. ಸುಳ್ಳು ಯಾಕೆ ಮಾಡಿದ್ರಿ ಅಂತ ನಿಮ್ಮಪ್ಪನ್ನ ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಹೊಸದು ಹೊಸದೇ ಅಂತ ಅಂತಿದ್ರಲ್ಲ ಪ್ರತಿ ಸಲ?"

"ಅವ್ರಿಗೆ ಸಮಾಧಾನ ಆಗ್ಲಿ ಅಂತ ಅಂದೆ."

"ಸಮಾಧಾನಾನಾ? ಆ ಮಾತು ಕೇಳಿದ ದಿನ ಅಪ್ಪ ಊಟ ಮಾಡಲ್ಲ. ಗೊತ್ತಾ ನಿಮ್ಗೆ?"

ಭಾವನಿಗೆ ಅದು ಗೊತ್ತಿರಲಿಲ್ಲ. ಅವರು ಹಾಗೇ ಅಂಗಳದ ಮೆಟ್ಟಿಲ ಮೇಲೆ ಕೂತರು. ಒಂದು ಟ್ಯಾಂಕಿನ ಆ ಕಡೆ ಈ ಕಡೆ ಕೂತು ಅಷ್ಟು ಕಾಲ ಇಷ್ಟು ಜನ ನಾಚಿಕೊಂಡಿದ್ದೆವು, ಒಬ್ಬರಿಗೊಬ್ಬರು ಹೇಳದೆ. ಕೊನೆಗೆ ಅಕ್ಕನೇ ಎದ್ದು, ಸೀರೆಗೆ ಸೀಮೆಎಣ್ಣೆ ಸುರಿದು ಉಜ್ಜುತ್ತಾ, ಇತ್ತ ತಿರುಗದೆ ಹೇಳಿದಳು:

"ಬಣ್ಣ ತೆಗ್ದ್‌ಬಿಡಣ."

ಸುಣ್ಣಕ್ಕೆ ವಾಷಿಂಗ್ ಸೋಡ ಕಲಸಿ ಟ್ಯಾಂಕಿಗೆ ಮೆತ್ತಿದರೆ ಬಣ್ಣ ಹಪ್ಪಳದಂತೆ ಏಳುತ್ತದೆ. ಮೂವರೂ ಸೇರಿ ಕೆರೆದೆವು, ಉಪ್ಪುಕಾಗದ ಹಿಡಿದು ಉಜ್ಜಿದೆವು. ಹೊಡೆಯುವಾಗ ಎಷ್ಟು ಎಚ್ಚರವಿತ್ತೋ ತೆಗೆಯುವಾಗ ಅಷ್ಟು ಇರಲಿಲ್ಲ. ಕೆಲವೆಡೆ ಖಾಕಿ ಉಳಿಯಿತು, ಕೆಲವೆಡೆ ಬರೀ ತಗಡು ಕಂಡಿತು, ತಗ್ಗಿನ ಜಾಗದಲ್ಲಿ ನಾವು ಮೆತ್ತಿದ ಸೀಮೆಸುಣ್ಣ ತೊನ್ನಿನಂತೆ ಬೆಳ್ಳಗೆ ಕಾಣಿಸಿತು. ಚಕ್ರ ಸರಿಮಾಡಿಸಿಕೊಂಡು ಮರುದಿನವೇ ಮೂವರೂ ಅದನ್ನು ಹತ್ತಿ ಶಿಡ್ಲಘಟ್ಟಕ್ಕೆ ಹೊರಟೆವು. ಇಬ್ಬರ ನಡುವೆ ಸಿಕ್ಕಿಕೊಂಡು ಕೂತಿದ್ದ ನನಗೆ ದಾರಿಯಲ್ಲಿ ನೋಡಿದವರೆಲ್ಲ ಟ್ಯಾಂಕನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ಕಾಫಿಗೆ ನಿಲ್ಲಿಸಿದಾಗ ಹೋಟೆಲಿನ ಗಲ್ಲಾದ ಮೇಲಿದ್ದವನು ಕುತ್ತಿಗೆ ಉದ್ದ ಮಾಡಿ ಕೇಳಿದ:

"ಏನ್ ಸಾರ್, ಮಿಲ್ಟ್ರಿಯೋರಾ?"

"ಅಲ್ಲಪ್ಪ, ಅಳಿಯ" ಎಂದರು ಭಾವ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ಮನೆಯ ತಿರುವಿಗೆ ಬಂದಾಗ ಅಪ್ಪ ಎಂದಿನಂತೆ ಹಿತ್ತಿಲು ಸೇರಿದ್ದ. ಅಕ್ಕ ಇಳಿದವಳೇ ಅಮ್ಮನನ್ನೂ ಮಾತಾಡಿಸದೆ ತೋಟಕ್ಕೆ ಹೋಗಿ, ಅಪ್ಪನ ಕೈಯಿಂದ ಕುಡುಗೋಲು ಕಿತ್ತುಕೊಂಡು, ಅವನನ್ನು ಮಣಿಕಟ್ಟು ಹಿಡಿದು ಬೀದಿಗೆ ಕರೆತಂದಳು. ಅಪ್ಪ ಟ್ಯಾಂಕನ್ನು ನೋಡಿದ. ಮುಂದೆ ಬಂದು ಅಂಗೈ ಇಟ್ಟ. ಮುಚ್ಚಳದ ಪಕ್ಕ, ಜುಂಗು ಇದ್ದ ಕಡೆ, ಬೆರಳಿನಿಂದ ಹುಡುಕಿದ. ಅಲ್ಲಿ ಬರೀ ತಗಡಿತ್ತು.

"ಯಾರು ಉಜ್ಜಿದ್ದು?"

"ನಾವೇ ಅಪ್ಪ. ಇವ್ರಿಗೆ ಚಪ್ಪರದ ಕೆಳಗೇ ಗೊತ್ತಿತ್ತಂತೆ."

ಅಪ್ಪ ಜಗಲಿ ಹಿಡಿದು ಕೂತ. ಕೇಳಿದ ಒಂದೊಂದು "ಹೊಸದು ಹೊಸದೇ" ಅವನ ಕಿವಿಯಲ್ಲಿ ತಿರುಗಿ ಬರುತ್ತಿದೆ ಎಂದು ನನಗೆ ಅನ್ನಿಸಿತು, ನನಗಂತೂ ಬರುತ್ತಿತ್ತು. ಭಾವ ಏನೋ ಹೇಳಲು ಬಾಯಿ ತೆರೆದರು. ಅಪ್ಪ ಬೇಡವೆಂದು ಕೈಯೆತ್ತಿದ. ಎದ್ದು ಹೋಗಿ ಕಾಲು ತೊಳೆದು, ಗೂಟದ ಮೇಲಿದ್ದ ರುಮಾಲು ಸುತ್ತಿಕೊಂಡು ಬಂದು, ಮದುವೆಯಾದಾಗಿನಿಂದ ಮೊದಲ ಬಾರಿಗೆ ಅಳಿಯನ ಮುಖ ನೋಡಿ ಮಾತಾಡಿದ.

"ಅಳಿಯಂದ್ರೇ, ಇವತ್ತು ಗೂಡಿನ ಸಂತೆ. ನನ್ನ ಕೂರಿಸ್ಕೊಂಡು ಹೋಗ್ತೀರಾ?"

"ಈಗ್ಲೇ ಯಾಕ್ರಿ? ಒಂದು ಕೈ ಬಣ್ಣ ಹಾಕ್ಸಿ ಆಮೇಲೆ ಹೋಗಿ" ಎಂದಳು ಅಮ್ಮ.

"ಬಣ್ಣ ಹಾಕಿದ್ದು ಸಾಕು ಕಣೇ."

ಅಪ್ಪ ಆ ಗಾಡಿಯನ್ನು ಅದುವರೆಗೆ ಒಮ್ಮೆಯೂ ಹತ್ತಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಭಾವನ ಹೆಗಲು ಹಿಡಿದು ಕೂತ. ಅಕ್ಕನೂ ನಾನೂ ಹಿಂದೆಯೇ ನಡೆದುಕೊಂಡು ಹೋದೆವು. ನಾವು ಸಂತೆ ಮುಟ್ಟುವ ಹೊತ್ತಿಗೆ ಗಾಡಿಯ ಸುತ್ತ ಜನ ಸೇರಿದ್ದರು. ಕೊಳ್ಳುವವರು, ಮಾರುವವರು, ಅಪ್ಪನ ಕೈಯಲ್ಲಿ ಬುಟ್ಟಿ ನೋಡಿಸಿಕೊಂಡವರು ಎಲ್ಲ. ಅಪ್ಪ ಇಳಿದು ಟ್ಯಾಂಕಿನ ಪಕ್ಕದಲ್ಲೇ ನಿಂತಿದ್ದ, ಸಾಕ್ಷಿಗೆ ನಿಂತವನಂತೆ. ಗುಂಪಿನಿಂದ ಮುಂದೆ ಬಂದವನು ಮೇಲೂರಿನ ಪಿಳ್ಳಪ್ಪ. ಇವನೇ ಏಕೆ ಬರಬೇಕಿತ್ತು ಅನ್ನಿಸಿತು. ನೆಲಕ್ಕೆ ಇಳಿದುಹೋಗುವಂತಿದ್ದರೆ ಇಳಿದುಹೋಗುತ್ತಿದ್ದೆ.

"ಇದೇನಣ್ಣ, ಅಳಿಯಂದ್ರಿಗೆ ಹೊಸಾ ಗಾಡಿ ಕೊಟ್ಟಿದ್ಯಲ್ಲ. ಇಷ್ಟು ಬೇಗ ಹಳೇದಾಗೋಯ್ತಾ?"

ಅವನು ಕುಹಕಕ್ಕೆ ಕೇಳಲಿಲ್ಲ, ನಿಜವಾಗಿಯೇ ಕೇಳಿದ. ಅಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ.

"ಹಳೇದೇ ಕಣಪ್ಪ. ಕೊಟ್ಟಾಗ್ಲೇ ಹಳೇದು. ಮೇಲೆ ಬಣ್ಣ ಹೊಡೆದು ಕೊಟ್ಟಿದ್ದೆ."

ಪಿಳ್ಳಪ್ಪ ನಗಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಟ್ಯಾಂಕಿನ ಮೇಲೆ ಕೂತಿದ್ದ ದಾರಿಯ ಧೂಳನ್ನು ಒರೆಸಿದ. ಅವನ ಬುಟ್ಟಿ ಮಗುಚಿದ ದಿನ ನಾನು ನಕ್ಕಿದ್ದೆ.